ಬೆರಳು ತಾಯಿಯತ್ತ ಏಕೆ?

ಮಗುವಿಗೆ ಕತ್ತು ನಿಲ್ಲುವುದಿಲ್ಲ, ಸ್ನಾಯುಗಳಲ್ಲಿ ಬಲವಿಲ್ಲ, ಪದೇ ಪದೇ ಫಿಟ್ಸ್. ವೈದ್ಯರು ಮೈಟೊಕಾಂಡ್ರಿಯಾ ಕಾಯಿಲೆ ಎಂದರೆ ನಮ್ಮ ಮನೆಗಳಲ್ಲಿ ಮೊದಲ ಬೆರಳು ತಾಯಿಯತ್ತ ಏಳುತ್ತದೆ. ಇದು ಅನ್ಯಾಯ.

ಮೈಟೊಕಾಂಡ್ರಿಯಾ ಜೀವಕೋಶದೊಳಗಿನ ಪುಟ್ಟ ವಿದ್ಯುತ್ ಕೇಂದ್ರಗಳು. ಅವುಗಳ ಸ್ವಂತ 37 ಜೀನ್‌ಗಳು ತಾಯಿಯಿಂದ ಬರುತ್ತವೆ, ನಿಜ. ಆದರೆ ಅವು ಕೆಲಸ ಮಾಡಲು ಬೇಕಾದ ನೂರಾರು ಜೀನ್‌ಗಳು ಕೋಶಕೇಂದ್ರದಲ್ಲಿವೆ. ಅವು ತಂದೆ, ತಾಯಿ ಇಬ್ಬರ ಪಾಲು.

ದೋಷ ಎಲ್ಲಿದೆಯೆಂದು ಬೇರ್ಪಡಿಸಿ ನೋಡುವ ದಾರಿಯನ್ನು 1989ರಲ್ಲಿ ಅಮೆರಿಕದ ಕಿಂಗ್ ಮತ್ತು ಅಟಾರ್ಡಿ ತೋರಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳಿಂದ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಇಲ್ಲವಾಗಿಸಿ, ಕೇಂದ್ರ ತೆಗೆದ ಬೇರೆ ಕೋಶವನ್ನು ಅವುಗಳೊಂದಿಗೆ ಬೆಸೆದರು. ಮುಂದೆ ಇದಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳೂ ಬಳಕೆಗೆ ಬಂದವು. ಅವುಗಳಿಗೆ ಕೇಂದ್ರವೇ ಇಲ್ಲವಲ್ಲ! ರೋಗಿಯ ಮೈಟೊಕಾಂಡ್ರಿಯಾ ಪಡೆದ ಹೊಸ ಕೋಶವೂ ಬಳಲಿದರೆ ದೋಷ ಅದರ ಡಿಎನ್‌ಎಯಲ್ಲಿದೆ. ಚೇತರಿಸಿಕೊಂಡರೆ ರೋಗಿಯ ಕೋಶಕೇಂದ್ರದ ಜೀನ್‌ಗಳನ್ನು ಹುಡುಕಬೇಕು.

ಇದರಲ್ಲಿ ಭ್ರೂಣವಿಲ್ಲ, ನಸಬಿನ ಪ್ರಶ್ನೆಯೂ ಇಲ್ಲ. 2015ರಲ್ಲಿ ಬ್ರಿಟನ್ ಕಾನೂನುಬದ್ಧಗೊಳಿಸಿದ, ಇನ್ನೊಬ್ಬ ಮಹಿಳೆಯ ಅಂಡಾಣು ಬಳಸುವ ವಿಧಾನ ಬೇರೆ. ಅದರ ಬಗ್ಗೆ ಉಲಮಾಗಳನ್ನು ಕೇಳಲೇಬೇಕು. ಎರಡನ್ನೂ ಬೆರೆಸಿ ಹರಾಂ ಎಂದು ಬಾಗಿಲು ಮುಚ್ಚುವುದು ಸರಿಯಲ್ಲ.

ಆದ್ದರಿಂದ ವೈದ್ಯರು ಮಾದರಿ ಕೇಳಿದರೆ ತಂದೆಯೂ ತೋಳು ಚಾಚಲಿ. ರಕ್ತಸಂಬಂಧದಲ್ಲಿ ನಿಕಾಹ್ ಯೋಚಿಸುತ್ತಿದ್ದು, ಕುಟುಂಬದಲ್ಲಿ ಇಂಥ ಮಗು ಹುಟ್ಟಿದ್ದರೆ, ಮೊದಲೇ ಆನುವಂಶಿಕ ಸಲಹೆ ಪಡೆಯಿರಿ. ಕಾಯಿಲೆ ಅಲ್ಲಾಹನ ಪರೀಕ್ಷೆ. ಅದನ್ನು ಸೊಸೆಯ ತಪ್ಪೆನ್ನುವುದು ನಮ್ಮ ತಪ್ಪು.