ಹಲವು ಕಿಟಕಿ, ಒಂದೇ ಮನಸ್ಸು

ಮನೆಗೆ ಕಿಟಕಿಗಳು ಹೆಚ್ಚಿದಷ್ಟೂ ಗಾಳಿ ಬೆಳಕುಗಳು ಹೆಚ್ಚುತ್ತವೆ. ಆದರೆ ಗಣಕಯಂತ್ರದ ತೆರೆಯ ಮೇಲಿನ ಕಿಟಕಿಗಳ ವಿಷಯದಲ್ಲಿ ಈ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ.

ಹಾಡನ್ನು ಕೇಳಿಸುವ, ಚಲಚ್ಚಿತ್ರವನ್ನು ತೋರಿಸುವ ತಂತ್ರಾಂಶಕ್ಕೆ ‘ಮೀಡಿಯಾ ಪ್ಲೇಯರ್’ ಎಂದು ಹೆಸರು. ಇವುಗಳಲ್ಲಿ ವಿಎಲ್‌ಸಿ ಎಂಬುದು ಸುಪ್ರಸಿದ್ಧ. ಫ್ರಾನ್ಸ್ ದೇಶದ ಇಂಜಿನಿಯರಿಂಗ್ ವಿದ್ಯಾಲಯವೊಂದರ ವಿದ್ಯಾರ್ಥಿಗಳು 1996ರಲ್ಲಿ ಕೈಗೊಂಡ ಕಾರ್ಯದಿಂದ ಅದು ಹುಟ್ಟಿತು. 2001ರಲ್ಲಿ ಸರ್ವರಿಗೂ ಮುಕ್ತವಾಯಿತು. ವಿಂಡೋಸ್ ಗಣಕದಲ್ಲಿ ಇದರ ಎರಡು, ಮೂರು, ನಾಲ್ಕು ಕಿಟಕಿಗಳನ್ನು ಏಕಕಾಲದಲ್ಲಿ ತೆರೆದಿಡಬಹುದು. ಒಂದೇ ಸಾಕೆನ್ನುವವರಿಗೆ ಅದರ ಆಯ್ಕೆಗಳ ಪಟ್ಟಿಯಲ್ಲಿ ಅದಕ್ಕೂ ಅವಕಾಶವುಂಟು.

ಯಂತ್ರಕ್ಕೆ ಇದು ಕಷ್ಟವಲ್ಲ. ಅದು ತನ್ನ ಕಾಲವನ್ನು ಅತಿ ಸೂಕ್ಷ್ಮವಾದ ತುಣುಕುಗಳಾಗಿ ಸೀಳಿ, ಒಂದೊಂದು ತುಣುಕನ್ನು ಒಂದೊಂದು ಕೆಲಸಕ್ಕೆ ಹಂಚುತ್ತದೆ. ಎಲ್ಲ ಕಿಟಕಿಗಳಿಂದ ಬರುವ ಧ್ವನಿಗಳನ್ನು ಕೂಡಿಸಿ ಒಂದೇ ಧ್ವನಿಯಾಗಿ ಹೊರಗೆ ಕಳುಹಿಸುತ್ತದೆ. ಕೂಡಿಸುವ ಕೆಲಸ ಯಂತ್ರದ್ದು. ಬಿಡಿಸಿ ತಿಳಿಯುವ ಕಷ್ಟ ಕೇಳುವವನದು.

ಹಾಗೆಂದು ಈ ಸೌಲಭ್ಯವನ್ನು ನಿಂದಿಸುವುದು ತರವಲ್ಲ. ಸಂಗೀತವನ್ನು ಕಲಿಯುವ ಬಾಲಕಿಯೊಬ್ಬಳು ಇಬ್ಬರು ಗಾಯಕರು ಹಾಡಿದ ಕಲ್ಯಾಣಿ ರಾಗವನ್ನು ಎರಡು ಕಿಟಕಿಗಳಲ್ಲಿ ಇಟ್ಟುಕೊಂಡು, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೇಳುತ್ತ, ಅವರ ಮಾರ್ಗಭೇದವನ್ನು ಅರಿಯಬಹುದು. ನೃತ್ಯಾಭ್ಯಾಸಿಯು ಗುರುವಿನ ಹೆಜ್ಜೆಯ ಪಕ್ಕದಲ್ಲಿ ತನ್ನ ಹೆಜ್ಜೆಯ ಚಿತ್ರವನ್ನಿಟ್ಟು ದೋಷವನ್ನು ತಿದ್ದಿಕೊಳ್ಳಬಹುದು. ಇಲ್ಲಿ ಕಿಟಕಿಗಳು ಎರಡಾದರೂ ಉದ್ದೇಶ ಒಂದೇ.

ಆದರೆ ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಕ್ರಿಕೆಟ್ ಆಟ, ಮತ್ತೊಂದರಲ್ಲಿ ಚಿತ್ರಗೀತೆ ಎಂದಾದರೆ ಎರಡು ದೋಣಿಗಳಲ್ಲಿ ಕಾಲಿಟ್ಟವನ ಪಾಡೇ ವಿದ್ಯಾರ್ಥಿಗೂ ಒದಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಕಾಲಿನ್ ಚೆರಿ 1953ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೇಳುಗರ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಒಡನೆಯೇ ಮರುನುಡಿಯುವಂತೆ ಹೇಳಿದನು. ಅವರು ಹಾಗೆಯೇ ಮಾಡಿದರು. ಆದರೆ ಇನ್ನೊಂದು ಕಿವಿಗೆ ಬಿದ್ದ ಮಾತಿನ ಅರ್ಥ ಅವರಿಗೆ ದಕ್ಕಲಿಲ್ಲ. ನಡುವೆ ಇಂಗ್ಲಿಷ್ ಹೋಗಿ ಜರ್ಮನ್ ಭಾಷೆ ಬಂದುದನ್ನೂ ಅವರು ಗುರುತಿಸಲಿಲ್ಲ. ಕಿವಿಗಳು ಎರಡು, ಗಮನ ಒಂದೇ.

ಹಾಗಾದರೆ ನಮ್ಮ ಅಷ್ಟಾವಧಾನಿಗಳು ಎಂಟು ಮಂದಿಗೆ ಉತ್ತರಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ಸೂಕ್ಷ್ಮವಾಗಿ ನೋಡಿದರೆ ಅವಧಾನಿಯು ಎಂಟು ಪ್ರಶ್ನೆಗಳಿಗೂ ಒಮ್ಮೆಲೇ ಉತ್ತರಿಸುವುದಿಲ್ಲ. ಒಬ್ಬೊಬ್ಬ ಪೃಚ್ಛಕನತ್ತ ಸರದಿಯಂತೆ ತಿರುಗಿ, ಪದ್ಯದ ಒಂದೊಂದು ಪಾದವನ್ನು ರಚಿಸಿ, ಉಳಿದುದನ್ನು ಧಾರಣೆಯಲ್ಲಿ ಕಾಪಾಡಿಕೊಳ್ಳುತ್ತಾನೆ. ಅಪ್ರಸ್ತುತ ಪ್ರಸಂಗಿಯ ಚೇಷ್ಟೆಗೆ ನಗುತ್ತ ಉತ್ತರಿಸಿದರೂ ಹಿಡಿದ ಎಳೆಯನ್ನು ಬಿಡುವುದಿಲ್ಲ. ಅವಧಾನವೆಂಬ ಪದದ ಅರ್ಥವೇ ಏಕಾಗ್ರತೆ. ಅದು ದೀರ್ಘ ಸಾಧನೆಯ ಫಲ, ಗುಂಡಿಯೊತ್ತಿ ಪಡೆಯುವಂಥದಲ್ಲ.

ಕಿಟಕಿಯನ್ನು ತೆರೆಯಲು ಯಾರಿಗೂ ಕಲಿಸಬೇಕಾಗಿಲ್ಲ. ಯಾವುದನ್ನು ಯಾವಾಗ ಮುಚ್ಚಬೇಕೆಂಬುದನ್ನು ಅರಿಯುವುದೇ ವಿದ್ಯೆ. ಯಂತ್ರವು ತನ್ನ ಕಾಲವನ್ನು ಹೀಗೆ ಸೀಳಿದರೂ ಹೆಚ್ಚೇನನ್ನೂ ಕಳೆದುಕೊಳ್ಳುವುದಿಲ್ಲ. ವಿದ್ಯಾರ್ಥಿಯಾದರೋ ಹಾಗೆ ಸೀಳಿ ಹಂಚಿದ ಕಾಲವನ್ನು ಮತ್ತೆ ಪಡೆಯಲಾರನು.