ಗಲ್ಲಾಪೆಟ್ಟಿಗೆಯ ಮುಂದೆ ಬಾಂಧವ್ಯ

ಆನಗೋಡಿನ ಸುತ್ತಲಿನ ಹಳ್ಳಿಗಳ ಮೆಕ್ಕೆಜೋಳ ಸುಗ್ಗಿಯಲ್ಲಿ ದಾವಣಗೆರೆಯ ಮಾರುಕಟ್ಟೆಗೆ ಬರುತ್ತದೆ. ಇಂಥ ಮಾರುಕಟ್ಟೆಗಳ ಎಷ್ಟೋ ದಲ್ಲಾಳಿ ಅಂಗಡಿಗಳಲ್ಲಿ ಗಲ್ಲಾದ ಮುಂದೆ ತಂದೆ, ತಕ್ಕಡಿಯ ಬಳಿ ಮಗ, ಲೆಕ್ಕದ ಪುಸ್ತಕ ಹಿಡಿದು ತಮ್ಮ; ಅವರ ನಡುವೆ ಸಂಬಳದ ಗುಮಾಸ್ತ, ಹಮಾಲರು. ಮನೆಯೂ ದುಡಿಮೆಯೂ ಹೀಗೆ ಬೆರೆತಾಗ ಬಾಂಧವ್ಯವನ್ನೂ ಕರ್ತವ್ಯವನ್ನೂ ಕೆಡದಂತೆ ಕಾಯುವುದು ಶ್ರಾವಕನಿಗೆ ನಿತ್ಯಪರೀಕ್ಷೆ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು ಪರರ ಗುಟ್ಟನ್ನು ಹೊರಗೆಡಹುವ ದೋಷಗಳು. ಮಗ-ಸೊಸೆಯರ ಏಕಾಂತದ ಮಾತನ್ನು ಗುಮಾಸ್ತನೆದುರು ಆಡಿ ಮಗನನ್ನು ಕುಗ್ಗಿಸುವ ತಂದೆಯ ನಡೆ ರಹೋಭ್ಯಾಖ್ಯಾನವೇ. ಮಗನ ಖರ್ಚನ್ನು ಬೇರೊಂದು ಖಾತೆಗೆ ಬರೆಸುವುದು ಕೂಟಲೇಖ. ನಂಬಿ ಹಣವಿಟ್ಟ ಅಕ್ಕ ಮರೆತು ಕಡಿಮೆ ಕೇಳಿದಾಗ ‘ಅಷ್ಟೇ ಇತ್ತು’ ಎಂದು ಒಪ್ಪಿ, ಉಳಿದುದನ್ನು ಇಟ್ಟುಕೊಳ್ಳುವುದು ನ್ಯಾಸಾಪಹಾರ. ‘ನಮ್ಮವರೇ ಅಲ್ಲವೇ’ ಎಂಬ ಸಲುಗೆಯಿಂದ ಈ ದೋಷ ಕಿರಿದಾಗುವುದಿಲ್ಲ.

ಇಷ್ಟು ಕಟ್ಟುನಿಟ್ಟಾದರೆ ಪ್ರೀತಿ ಬತ್ತದೇ ಎಂದು ಕೇಳುವವರುಂಟು. ಅವರು ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ಭರತ-ಬಾಹುಬಲಿಯರನ್ನು ನೆನೆಯಬೇಕು. ರಾಜ್ಯಕ್ಕಾಗಿ ಸೋದರರು ಎದುರಾದಾಗ, ಸೈನಿಕರು ವೃಥಾ ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲೂ ಸೋತ ಭರತನು ಕಟ್ಟಳೆ ಮೀರಿ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಯನ್ನು ನೋಯಿಸಲಿಲ್ಲ. ಆದರೆ ಗೆದ್ದ ರಾಜ್ಯದಲ್ಲಿ ಅವನಿಗೆ ಆಸೆ ಉಳಿಯಲಿಲ್ಲ. ಸೋದರರನ್ನು ಅಗಲಿಸಿದ್ದು ನಿಯಮವಲ್ಲ, ನಿಯಮದ ಭಂಗ.

ಆ ಮಂತ್ರಿಗಳ ವಿವೇಕ ಇಂದಿನ ಅಂಗಡಿಗೂ ಬೇಕು. ಅಣ್ಣತಮ್ಮಂದಿರ ಮುನಿಸಿಗೆ ಹಮಾಲನ ಕೂಲಿ ತಡೆಯಬಾರದು. ಗುಮಾಸ್ತನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ದೂತನಾಗಬಾರದು. ಯಾರ ಕೆಲಸವೇನು, ಯಾರ ಪಾಲೆಷ್ಟು ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ಬರೆದಿಡಬೇಕು. ತಪ್ಪು ಮಗನದಾದರೂ ಆಳಿನದಾದರೂ ತಿದ್ದುವ ಮಾತು ಒಂದೇ ಬಗೆಯದಾಗಿರಬೇಕು, ಅದೂ ಮರೆಯಲ್ಲಿ. ಸಂಜೆ ಪ್ರತಿಕ್ರಮಣಕ್ಕೆ ಕುಳಿತ ಯಜಮಾನನು ದಿನದ ಲಾಭನಷ್ಟದ ಜೊತೆಗೆ, ಇಂದು ಯಾರ ಗುಟ್ಟು ತನ್ನ ಬಾಯಿಂದ ಜಾರಿತು, ಯಾರ ಹಕ್ಕು ತನ್ನ ಮೌನದಿಂದ ಕಳೆಯಿತು ಎಂದೂ ಲೆಕ್ಕ ನೋಡಲಿ. ಕ್ಷಮೆ ಕೇಳಬೇಕಾದವರು ಅದೇ ಮನೆಯಲ್ಲಿರುವಾಗ ಪರ್ಯುಷಣದವರೆಗೆ ಕಾಯುವುದೇಕೆ?