ಎಲೆಯ ಪುಡಿಯೂ ಕೋಳಿಮರಿಯ ಹೊಟ್ಟೆಯೂ

ಹಿತ್ತಲಿನಲ್ಲಿ ಸುಬಾಬುಲ್ ಮರವು ಸೊಂಪಾಗಿ ಬೆಳೆದಿರುವಾಗ ಹಣ ತೆತ್ತು ಸೋಯಾ ಹಿಂಡಿಯನ್ನು ತರುವುದೇಕೆ? ಅದರ ಎಲೆಯನ್ನು ಒಣಗಿಸಿ, ಪುಡಿಮಾಡಿ ಬ್ರಾಯ್ಲರ್ ಮರಿಗಳಿಗೆ ತಿನ್ನಿಸಬಾರದೇಕೆ? ಪ್ರಶ್ನೆಯೇನೋ ಸಹಜವಾದುದೇ. ಕೋಳಿ ಸಾಕಣೆಯ ಖರ್ಚಿನಲ್ಲಿ ಸಿಂಹಪಾಲು ಆಹಾರದ್ದು. ಒಣಗಿದ ಸುಬಾಬುಲ್ ಎಲೆಯಲ್ಲಿ ನೂರಕ್ಕೆ 20ರಿಂದ 25 ಭಾಗ ಪ್ರೋಟೀನು ಉಂಟು. ಎಳೆಯ ಮರಿಯ ಆಹಾರದಲ್ಲಿ ಇರಬೇಕಾದುದೂ ನೂರಕ್ಕೆ 22-23 ಭಾಗವೇ. ಆದರೆ ಈ ಒಂದು ಲೆಕ್ಕವನ್ನೇ ನಂಬಿ ಹೊರಟ ಬಡ ಸಾಕಣೆಗಾರನು ನಷ್ಟಕ್ಕೆ ಗುರಿಯಾಗುವನೆಂದು ನಮ್ಮ ಅಭಿಪ್ರಾಯ.

ಮೊದಲು ಶಕ್ತಿಯ ಲೆಕ್ಕವನ್ನು ನೋಡೋಣ. ಹುಟ್ಟಿದಾಗ ಸುಮಾರು 40 ಗ್ರಾಂ ತೂಗುವ ಮರಿಯು ಆರು ವಾರಗಳೊಳಗೆ 2 ಕಿಲೋಗ್ರಾಂ, ಎಂದರೆ ಐವತ್ತು ಪಟ್ಟು, ಆಗಬೇಕು. ಇದಕ್ಕಾಗಿ ಅದರ ಆಹಾರದ ಪ್ರತಿ ಕಿಲೋಗ್ರಾಮಿನಿಂದ ಸುಮಾರು 3000 ಕಿಲೋಕ್ಯಾಲೊರಿ ಶಕ್ತಿ ದಕ್ಕಬೇಕು. ಎಲೆಯಲ್ಲಿ ನಾರು ಹೆಚ್ಚು. ನಾರನ್ನು ಜೀರ್ಣಿಸಿಕೊಳ್ಳುವ ಬಲ ಮರಿಯ ಕರುಳಿಗಿಲ್ಲ. ಆದುದರಿಂದ ಈ ಎಲೆಯಿಂದ ಅದಕ್ಕೆ ಸಿಕ್ಕುವ ಶಕ್ತಿ 1500 ಕಿಲೋಕ್ಯಾಲೊರಿಯನ್ನೂ ಮುಟ್ಟದು. ಆಹಾರದ ಐದನೆಯ ಒಂದು ಪಾಲನ್ನು ತೆಗೆದು ಎಲೆಯ ಪುಡಿಯನ್ನು ಬೆರೆಸಿದರೆ ಒಟ್ಟು ಶಕ್ತಿ 2700ಕ್ಕಿಂತ ಕೆಳಗಿಳಿಯುವುದು. ಹೆಚ್ಚು ತಿಂದು ಕೊರತೆಯನ್ನು ತುಂಬಿಕೊಳ್ಳಲೆಂದರೆ ಪುಡಿಯು ಹಗುರ, ಜಾಗ ಬಹಳ ಬೇಕು. ಮರಿಯ ಹೊಟ್ಟೆಯೋ ಚಿಕ್ಕದು.

ಎರಡನೆಯದು ವಿಷದ ಮಾತು. ಸುಬಾಬುಲ್ ಎಲೆಯಲ್ಲಿರುವ ಮಿಮೋಸಿನ್ ಎಂಬ ವಸ್ತುವು ಮರಿಯ ಬೆಳವಣಿಗೆಯನ್ನು ಕುಂಠಿಸುತ್ತದೆ. ‘ದನಗಳು ತಿನ್ನುವುದಿಲ್ಲವೆ?’ ಎಂದು ಕೇಳಬಹುದು. ಆಸ್ಟ್ರೇಲಿಯಾದಲ್ಲಿ ದನಗಳಿಗೂ ಇದರಿಂದ ತೊಂದರೆಯಾಗುತ್ತಿತ್ತು. 1980ರ ದಶಕದಲ್ಲಿ ಹವಾಯಿಯ ಮೇಕೆಗಳ ಹೊಟ್ಟೆಯಿಂದ ತಂದ ಬ್ಯಾಕ್ಟೀರಿಯಗಳು ಅವುಗಳ ಹೊಟ್ಟೆಯನ್ನು ಸೇರಿದ ಮೇಲೆಯೇ ಆ ತೊಂದರೆ ನೀಗಿತು. ಮೆಲುಕುಹಾಕುವ ಪ್ರಾಣಿಗಿರುವ ಅಂಥ ಹೊಟ್ಟೆ ಕೋಳಿಗಿಲ್ಲ. ನುಗ್ಗೆಯ ಎಲೆಯಲ್ಲಿ ಮಿಮೋಸಿನ್ ಇಲ್ಲವಾದರೂ ನಾರಿನ ತೊಡಕು ಅದಕ್ಕೂ ತಪ್ಪಿದ್ದಲ್ಲ.

ಹಾಗೆಂದು ಎಲೆಯನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಅದರಲ್ಲಿ ಜೀವಸತ್ತ್ವಗಳುಂಟು, ಕೋಳಿಯ ಚರ್ಮಕ್ಕೆ ಹಳದಿ ಬಣ್ಣ ಕೊಡುವ ದ್ರವ್ಯವೂ ಉಂಟು. ಚೆನ್ನಾಗಿ ಒಣಗಿಸಿ, ನೂರಕ್ಕೆ 5 ಭಾಗವನ್ನು ಮೀರದಂತೆ ಬೆರೆಸುವುದು ವಿವೇಕ. ಅದನ್ನು ಸೋಯಾ ಹಿಂಡಿಗೆ ನೆರವೆಂದು ತಿಳಿಯಬೇಕೇ ಹೊರತು ಬದಲೆಂದಲ್ಲ.

ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದ ಪಾಠ ಒಂದಿದೆ. ಪದಾರ್ಥದಲ್ಲಿ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ತಿಂದ ಜೀವಿಗೆ ಎಷ್ಟು ದಕ್ಕಿತು ಎಂಬುದು ಬೇರೆಯೇ ಪ್ರಶ್ನೆ. ಮನೆಯಲ್ಲಿ ಕೋಳಿ ಸಾಕುವವರಿದ್ದರೆ ಒಂದೇ ದಿನ ಹುಟ್ಟಿದ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಎಲೆಯ ಪುಡಿ ಬೆರೆಸಿ, ವಾರವಾರವೂ ತೂಗಿ ನೋಡಲಿ. ಉತ್ತರವನ್ನು ತಕ್ಕಡಿಯೇ ಹೇಳುವುದು.